ಸುಳ್ಳು ಸುದ್ದಿ ಕಾನೂನು: ಸಣ್ಣ ನ್ಯೂಸ್ ಚಾನೆಲ್‌ನವರು ಎಲ್ಲಿ ಎಚ್ಚರ ವಹಿಸಬೇಕು?

ಬನಶಂಕರಿ_ವರದಿ:
ವಾರ್ಡ್ ಮಟ್ಟದ ಯೂಟ್ಯೂಬ್ ಚಾನೆಲ್. ಗಲಾಟೆ, ಮಕ್ಕಳ ಕಳ್ಳರ ವದಂತಿ ಇಂಥದ್ದನ್ನ ವರದಿ ಮಾಡುವಾಗ ತಪ್ಪಾದ್ರೆ ಯಾವ ಕಲಂ ಹಾಕ್ತಾರೆ? 2025ರ ಜೂನ್‌ನಲ್ಲಿ ಹೊರಬಂದ ರಾಜ್ಯದ ಕರಡು ಮಸೂದೆಯಲ್ಲಿ 7 ವರ್ಷ ಜೈಲು, 10 ಲಕ್ಷ ದಂಡ ಅಂತಿತ್ತು. ಈಗಿರೋ ಕಾನೂನು ಸಾಲದಾ?

ಕಲಂ_ಗುಮಾಸ್ತ:
ಸಾಕು. ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಕಲಂ 353 (ಹಳೇ ಐಪಿಸಿ 505) ಇದ್ದೇ ಇದೆ. ಅದರಲ್ಲಿ ಬರೀ ಸುಳ್ಳು ಹೇಳೋದು ಅಪರಾಧ ಅಲ್ಲ. ಜನರಲ್ಲಿ ಭಯ ಹುಟ್ಟಿಸಿ ಶಾಂತಿ ಕದಡುವ ಅಥವಾ ಒಂದು ಸಮುದಾಯವನ್ನ ಇನ್ನೊಂದರ ಮೇಲೆ ಎತ್ತಿಕಟ್ಟುವ ಉದ್ದೇಶವೋ ಸಾಧ್ಯತೆಯೋ ಇರಬೇಕು. ಶಿಕ್ಷೆ 3 ವರ್ಷದವರೆಗೆ, ಪೂಜಾಸ್ಥಳದಲ್ಲಾದ್ರೆ 5. ಕಲಂನ ಕೊನೆಯಲ್ಲಿರೋ ವಿನಾಯಿತಿಯನ್ನ ಎರಡು ಸಲ ಓದಿ: ನಿಜ ಅಂತ ನಂಬೋಕೆ ಸಕಾರಣ ಇದ್ದು, ಅಂಥ ಉದ್ದೇಶವಿಲ್ಲದೆ ಸದ್ಭಾವನೆಯಿಂದ ಪ್ರಕಟಿಸಿದ್ರೆ ಅಪರಾಧ ಆಗಲ್ಲ.

ಕರಡಿನ ಆ 7 ವರ್ಷವನ್ನ ಯಾರೂ ಸರಿಯಾಗಿ ಗಮನಿಸ್ತಿಲ್ಲ. 3 ವರ್ಷದಿಂದ ಹಿಡಿದು 7ಕ್ಕಿಂತ ಕಡಿಮೆ ಶಿಕ್ಷೆಯ ಕೇಸಾದ್ರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಳೇ ಸಿಆರ್‌ಪಿಸಿ ಜಾಗದಲ್ಲಿ ಬಂದದ್ದು) 173(3)ರಡಿ ಪೊಲೀಸರು ಎಫ್‌ಐಆರ್‌ಗೆ ಮುಂಚೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಮಾತು-ಬರಹದ ಕೇಸುಗಳಲ್ಲಿ ಹಾಗೆ ಮಾಡೋದೇ ಸೂಕ್ತ ಅಂತ ಸುಪ್ರೀಂ ಕೋರ್ಟ್ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ (ಮಾರ್ಚ್ 2025) ಹೇಳಿದೆ. ಗರಿಷ್ಠ ಶಿಕ್ಷೆ 7 ಮುಟ್ಟಿದ್ರೆ ಈ ಜರಡಿ ಇರಲ್ಲ, ನೇರ ಎಫ್‌ಐಆರ್.

ಮಲ್ಲೇಶ್ವರ_ಓದುಗ:
ಸಾರ್ವಜನಿಕ ಸುವ್ಯವಸ್ಥೆಗಾಗಿ ಕಾನೂನು ಬಿಗಿ ಮಾಡ್ಬೇಕು ಅನ್ನೋದು ಬರೀ ನೆಪ ಅಲ್ಲ ಸಾರ್. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿಂದ ಗುವಾಹಟಿ ರೈಲು ಹತ್ತಿದ್ರು. 2018ರ ಮೇನಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಅಂತ ಒಬ್ಬರನ್ನ ಹೊಡೆದು ಕೊಂದ್ರು.

ಕಲಂ_ಗುಮಾಸ್ತ:
ಒಪ್ಪಿದೆ. ಆದ್ರೆ ಆಗ ಬೇಕಿದ್ದದ್ದು ಗಂಟೆಯೊಳಗೆ ಪೊಲೀಸ್ ಸ್ಪಷ್ಟನೆ. ಯಾವ ಕಾರಣಕ್ಕೆ ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಬಹುದು ಅಂತ ಹೇಳೋ ಸಂವಿಧಾನದ 19(2)ನೇ ವಿಧಿಯ ಪಟ್ಟಿಯಲ್ಲಿ ಸುವ್ಯವಸ್ಥೆ ಇದೆ, ‘ಸುಳ್ಳು’ ಇಲ್ಲ. ಯಾವುದು ಸುಳ್ಳು ಅಂತ ಕರಡಿನಲ್ಲಿದ್ದ ಹಾಗೆ ಸಚಿವರ ಅಧ್ಯಕ್ಷತೆಯ ಪ್ರಾಧಿಕಾರ ಹೇಳೋದಾದ್ರೆ, ಸರ್ಕಾರದ ವಿರುದ್ಧದ ಸುದ್ದಿಗೂ ಅದೇ ತೀರ್ಪುಗಾರ. ಕೇಂದ್ರ ಸರ್ಕಾರದ ಬಗ್ಗೆ ಯಾವ ಸುದ್ದಿ ಸುಳ್ಳು ಅಂತ ಅದರದ್ದೇ ಫ್ಯಾಕ್ಟ್ ಚೆಕ್ ಘಟಕ ಹೇಳೋ ನಿಯಮವನ್ನ ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿದಾಗಲೂ ಇದೇ ಆಕ್ಷೇಪ ಇತ್ತು.

ಡೆಸ್ಕ್_ಜಯನಗರ:
ಪ್ರಶ್ನೆ ಕೇಳಿದವರಿಗೆ ಕೆಲಸಕ್ಕೆ ಬರೋದು: ವಾಟ್ಸ್‌ಆ್ಯಪ್ ಫಾರ್ವರ್ಡ್ ನಂಬ್ಕೋಬೇಡಿ, ಶೂಟ್ ಮಾಡಿದವರಿಂದ ಮೂಲ ಫೈಲನ್ನ ‘ಡಾಕ್ಯುಮೆಂಟ್’ ಆಗಿ ತರಿಸಿ. ಫಾರ್ವರ್ಡ್‌ನಲ್ಲಿ ತೆಗೆದ ದಿನ, ಜಾಗದ ವಿವರ ಸಾಮಾನ್ಯವಾಗಿ ಉಳಿಯಲ್ಲ. ಬಂದ ತಕ್ಷಣ ಹ್ಯಾಷ್ (ಫೈಲ್ ಬದಲಾಗಿಲ್ಲ ಅಂತ ತೋರಿಸೋ ಡಿಜಿಟಲ್ ಗುರುತು) ತೆಗೆದಿಡಿ, ಡಿಜಿಟಲ್ ಸಾಕ್ಷ್ಯವನ್ನ ಕೋರ್ಟಿಗೆ ಕೊಡುವಾಗ ಬೇಕಾಗೋ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದಲ್ಲಿ ಕೇಳ್ತಾರೆ. ಠಾಣೆಗೆ ಫೋನ್ ಮಾಡಿದ್ದೆಷ್ಟು ಹೊತ್ತಿಗೆ, ಯಾರು ಏನಂದ್ರು, ಎಲ್ಲ ಬರೆದಿಡಿ. ‘ಸಕಾರಣ’ ಇತ್ತು ಅಂತ ತೋರಿಸೋಕೆ ಇರೋದು ಅದೇ. ತಪ್ಪಾದ್ರೆ ಸದ್ದಿಲ್ಲದೆ ಡಿಲೀಟ್ ಮಾಡ್ಬೇಡಿ. ಸ್ಕ್ರೀನ್‌ಶಾಟ್ ಓಡಾಡ್ತಾನೇ ಇರುತ್ತೆ, ನಿಮ್ಮ ತಿದ್ದುಪಡಿ ಮಾತ್ರ ಎಲ್ಲೂ ಇರಲ್ಲ.

ಬನಶಂಕರಿ_ವರದಿ:
ಥಂಬ್‌ನೇಲ್‌ಗೂ ಇದೇನಾ?

ಡೆಸ್ಕ್_ಜಯನಗರ:
ಅದಕ್ಕೇ ಮೊದಲು. ವಿಡಿಯೊದಲ್ಲಿ ‘ವದಂತಿ’ ಅಂತ ಹೇಳಿ, ಥಂಬ್‌ನೇಲ್‌ನಲ್ಲಿ ‘ಮಕ್ಕಳ ಕಳ್ಳರು ಬಂದ್ರು’ ಅಂತ ಕೆಂಪಕ್ಷರ ಹಾಕಿದ್ರೆ ಸದ್ಭಾವನೆಯ ವಾದ ಕೋರ್ಟಲ್ಲಿ ನಿಲ್ಲೋದು ಕಷ್ಟ.