ಹಿರಿಯರ ಕೈಗೆ ಒಗ್ಗುವ ಕ್ರಿಸ್‌ಮಸ್ ರೀತ್: ಮಾಡಿಸಿದವರು ಅನುಭವ ಹೇಳಿ

ಬಳ್ಳಾರಿಯಿಂದ, ಕೇಳುತ್ತಿರುವವಳು

ನಮ್ಮ ಚರ್ಚಿನ ಹಿಂದಿನ ಹಾಲ್‌ನಲ್ಲಿ ಪ್ರತಿ ಶನಿವಾರ ಹದಿನಾಲ್ಕು ಮಂದಿ ಹಿರಿಯರು ಸೇರುತ್ತಾರೆ. ಎಲ್ಲರಿಗಿಂತ ಚಿಕ್ಕವರಿಗೆ 66, ದೊಡ್ಡವರಿಗೆ 84. ಈ ಸಲ ಕ್ರಿಸ್‌ಮಸ್‌ಗೆ ಬಾಗಿಲಿಗೆ ತೂಗುಹಾಕುವ ಹಸಿರು ಚಕ್ರ, ಅಂದರೆ ರೀತ್, ಅವರ ಕೈಯಿಂದಲೇ ಮಾಡಿಸೋಣವೆಂದು ಹೊರಟೆ. ಮೊಬೈಲ್‌ನಲ್ಲಿ ವಿಡಿಯೊ ನೋಡಿ ಥರ್ಮಾಕೋಲ್ ಬಳೆ, ಪ್ಲಾಸ್ಟಿಕ್ ಎಲೆ, ತಂತಿ, ಬಿಸಿ ಅಂಟಿನ ಗನ್ ಎಲ್ಲವನ್ನೂ ತಂದೆ. ಮೊದಲ ದಿನವೇ ಕೆಟ್ಟಿತು. ಇಬ್ಬರಿಗೆ ಕತ್ತರಿ ಹಿಡಿಯಲಾಗಲಿಲ್ಲ, ಒಬ್ಬರಿಗೆ ತಂತಿಯ ತುದಿ ಕಾಣಲಿಲ್ಲ. ಸಕ್ಕರೆ ಕಾಯಿಲೆಯ ಒಬ್ಬ ಕಾಕಾ ಅವರಿಗೆ ಬಿಸಿ ಅಂಟು ಬೆರಳಿಗೆ ತಾಗಿದ್ದೇ ಗೊತ್ತಾಗಲಿಲ್ಲ. ರಾತ್ರಿ ಗುಳ್ಳೆ ಎದ್ದಾಗ ತಿಳಿಯಿತಂತೆ. ಸಾಲದ್ದಕ್ಕೆ ಒಬ್ಬ ಅಜ್ಜಿ, "ಮಂತ್ರಿಗಳು ಹೆಣದ ಮುಂದೆ ಇಡುವುದನ್ನು ಮನೆಯ ಬಾಗಿಲಿಗೆ ಏಕೆ ಹಾಕಿಸುತ್ತೀಯವ್ವಾ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ತಲೆಗೆ ಐವತ್ತು ರೂಪಾಯಿ ಮೀರಬಾರದು, ಒಂದೂವರೆ ಗಂಟೆಯಲ್ಲಿ ಮುಗಿಯಬೇಕು. ದಾರಿ ಹೇಳಿ.

ಸಿಂಧನೂರಿನಿಂದ

ತಂಗೀ, ಅವರ ಮುಂದೆ ರೀತ್ ಎನ್ನಬೇಡ, ಸಿಂಬಿ ಎನ್ನು. ಕೊಡ ಹೊರಲು ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದ, ಗಡಿಗೆ ಉರುಳದಂತೆ ಕೆಳಗೆ ಇಡುತ್ತಿದ್ದ ಸಿಂಬಿ. ನೀನು ದುಡ್ಡು ಕೊಟ್ಟು ತಂದ ಥರ್ಮಾಕೋಲ್ ಬಳೆಯನ್ನು ಅವರೆಲ್ಲ ಹತ್ತನೇ ವಯಸ್ಸಿನಲ್ಲೇ ಹುಲ್ಲಿನಲ್ಲಿ ಮಾಡಿದ್ದಾರೆ.

ಹೋದ ವರ್ಷ ನಮ್ಮ ಅವ್ವನ ಮುಂದೆ ಒಂದು ಹಿಡಿ ಭತ್ತದ ಹುಲ್ಲು ಇಟ್ಟೆ. ಬೆರಳ ಗಿಣ್ಣುಗಳೆಲ್ಲ ಬಾತಿವೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಸೊಸೆ ಬೇಕು. ಆದರೆ ಹುಲ್ಲು ಕೈಗೆ ಬಂದ ಕೂಡಲೇ ಎರಡು ಸಲ ತಿರುಚಿ ದುಂಡಗೆ ಬಗ್ಗಿಸಿದಳು. ಇನ್ನೊಂದು ಎಳೆಯನ್ನು ಮೇಲೆ ಕೆಳಗೆ ಸುತ್ತುತ್ತಾ ಹೋಗಿ, ಕೊನೆಯ ತುದಿಯನ್ನು ಹೆಬ್ಬೆರಳಿನಿಂದ ಒಳಗೆ ತುರುಕಿ, ನೆಲಕ್ಕೆ ಒಮ್ಮೆ ಬಡಿದು ನನ್ನ ಕಡೆ ಎಸೆದಳು. ಹತ್ತು ನಿಮಿಷವೂ ಆಗಲಿಲ್ಲ.

ಎರಡು ಎಚ್ಚರಿಕೆ. ಮುಂಗಾರು ಭತ್ತ ಕೊಯ್ಲಾಗುವುದು ಇದೇ ಹೊತ್ತಿಗೆ, ಹುಲ್ಲಿಗೆ ಬರವಿಲ್ಲ. ಆದರೆ ಯಂತ್ರ ಕೊಯ್ದ ಹುಲ್ಲು ತುಂಡಾಗಿ ಮುರಿದಿರುತ್ತದೆ, ತಿರುಚಲು ಬರುವುದಿಲ್ಲ. ಕೈಯಿಂದ ಕೊಯ್ದ ಉದ್ದನೆಯ ಹುಲ್ಲನ್ನೇ ಕೇಳಿ ತನ್ನಿ. ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ನೀರು ಬಸಿದು ಕೊಡಿ. ಧೂಳೂ ಏಳುವುದಿಲ್ಲ, ಹುಲ್ಲೂ ಮಣಿಯುತ್ತದೆ. ಉಬ್ಬಸ ಇರುವವರಿಗೆ ಮಾತ್ರ ಹುಲ್ಲು ಬೇಡವೇ ಬೇಡ.

ಬಳ್ಳಾರಿಯಿಂದ, ಜೀನ್ಸ್ ಹೊಲಿಯುವವನು

ಜೀನ್ಸ್ ಹೊಲಿಯುವ ಈ ಊರಿನಲ್ಲಿದ್ದುಕೊಂಡು ಪ್ಲಾಸ್ಟಿಕ್ ಎಲೆಗೆ ದುಡ್ಡು ಕೊಡುವುದೇ ಅಕ್ಕಾ? ಕತ್ತರಿಸುವ ಮೇಜಿನ ಕೆಳಗೆ ಬಿದ್ದ ಬಟ್ಟೆಯ ಚೂರುಗಳನ್ನು ಚೀಲ ತುಂಬಿ ಕೊಡುತ್ತಾರೆ, ಕೇಳಬೇಕಷ್ಟೆ. ಗೇಣಿಗಿಂತ ತುಸು ಕಡಿಮೆ ಉದ್ದ, ಒಂದೂವರೆ ಬೆರಳು ಅಗಲದ ಪಟ್ಟಿ ಮಾಡಿಕೊಂಡು ಬಳೆಯ ಸುತ್ತ ಒಂದರ ಪಕ್ಕ ಒಂದು ಗಂಟು ಹಾಕುತ್ತಾ ಹೋಗಬೇಕು. ಒಂದು ಗೇಣು ಅಗಲದ ಬಳೆಗೆ ಅರವತ್ತು ಎಪ್ಪತ್ತು ಪಟ್ಟಿ ಹಿಡಿಸುತ್ತವೆ. ಅಂಟು ಬೇಡ, ಸೂಜಿ ಬೇಡ. ಕಡುನೀಲಿ, ತಿಳಿನೀಲಿ ಬೆರೆಸಿ ನಡುವೆ ಐದಾರು ಕೆಂಪು ಗುಂಡಿ ಇಟ್ಟರೆ ಸಾಕು. ಹಸಿರೇ ಇರಬೇಕೆಂದು ಯಾವ ಶಾಸ್ತ್ರದಲ್ಲಿದೆ?

ಕೊಪ್ಪಳದಿಂದ

ಮೇಲಿನ ಅಣ್ಣನ ಮಾತು ಅರ್ಧ ಸರಿ. ನಮ್ಮ ಅತ್ತೆಗೆ ಸಂಧಿವಾತ. ಜೀನ್ಸ್ ಪಟ್ಟಿ ಕೊಟ್ಟು ನೋಡಿದೆ, ಹತ್ತನೇ ಗಂಟಿಗೇ ಕೈಚೆಲ್ಲಿದರು. ಆ ಬಟ್ಟೆಯ ಗಂಟು ಬಿಗಿಯಾಗಬೇಕಾದರೆ ಬೆರಳಿನಲ್ಲಿ ಕಸುವು ಬೇಕು. ಹಳೆಯ ನೂಲಿನ ಸೀರೆ ತಂದ ಮೇಲೆ ಎಲ್ಲ ಸುಸೂತ್ರವಾಯಿತು. ಕೌದಿಗೆ ಹರಿಯುವಂತೆ ಉದ್ದಕ್ಕೆ ಹರಿದುಕೊಟ್ಟರೆ ಕತ್ತರಿಯೂ ಬೇಡ. ಮೂರು ಪಟ್ಟಿ ಸೇರಿಸಿ ಜಡೆ ಹೆಣೆದು, ದುಂಡಗೆ ತಿರುಗಿಸಿ, ಕೂಡುವಲ್ಲಿ ಕೌದಿ ಸೂಜಿಯಿಂದ ನಾಲ್ಕು ಹೊಲಿಗೆ. ಮೊಮ್ಮಗಳ ಜಡೆಯೆಂದುಕೊಂಡೇ ಹೆಣೆದರು. ನಡುವೆ ಒಮ್ಮೆ "ತಲೆ ಅಲ್ಲಾಡಿಸಬೇಡವೇ" ಎಂದು ಗದರಿಯೂಬಿಟ್ಟರು.

ಅಂಟಿನ ವಿಷಯ: ನಮ್ಮ ಪಕ್ಕದ ಕಿನ್ನಾಳದ ಗೊಂಬೆ ಮಾಡುವ ಚಿತ್ರಗಾರರು ಹುಣಸೆ ಬೀಜ ನೆನೆಸಿ ಅರೆದು ಅಂಟು ಮಾಡಿಕೊಳ್ಳುತ್ತಾರೆ. ನಾನೂ ಅರೆದು ಕುದಿಸಿ ನೋಡಿದೆ. ಕಾಗದಕ್ಕೆ, ಬಟ್ಟೆಗೆ ಚೆನ್ನಾಗಿ ಹಿಡಿಯುತ್ತದೆ, ಕೈ ಸುಡುವ ಭಯವಿಲ್ಲ. ಆದರೆ ಒಣಗಲು ಹೊತ್ತು ಹಿಡಿಯುತ್ತದೆ, ಮಿಕ್ಕದ್ದು ಮೂರನೇ ದಿನಕ್ಕೆ ಹಳಸಿ ನಾರುತ್ತದೆ. ಒಂದೂವರೆ ಗಂಟೆಯ ಕೆಲಸಕ್ಕೆ ಫೆವಿಕಾಲ್ ಸಾಕು ತಾಯಿ, ಸುಮ್ಮನೆ ನನ್ನಂತೆ ಒರಳು ತೊಳೆಯುತ್ತಾ ಕೂರಬೇಡಿ.

ರಾಯಚೂರಿನಿಂದ, ನಿವೃತ್ತ ಶಿಕ್ಷಕಿ

ನನ್ನ ಚಿಕ್ಕಮ್ಮನಿಗೆ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದು ಮಸುಕು. ಆದರೂ ಸಂಜೆ ಕಟ್ಟೆಯ ಮೇಲೆ ಕುಳಿತು ಮಲ್ಲಿಗೆ ಕಟ್ಟುವಾಗ ಕೈಯ ಕಡೆ ನೋಡುವುದೇ ಇಲ್ಲ. ಬೀದಿಯಲ್ಲಿ ಹೋಗುವವರನ್ನು ಮಾತನಾಡಿಸುತ್ತಲೇ ಮೊಳಗಟ್ಟಲೆ ಕಟ್ಟುತ್ತಾರೆ. ನಾನು ಹೂವಿನ ಬದಲು ಸರ್ವೆ ಮರದ ಕುಡಿಗಳನ್ನು ಬೆರಳುದ್ದಕ್ಕೆ ಮುರಿದು ತಟ್ಟೆಯಲ್ಲಿ ಇಟ್ಟೆ. ಎರಡು ಕುಡಿ ಈ ಕಡೆ, ಎರಡು ಆ ಕಡೆ, ನಡುವೆ ದಾರದ ಕುಣಿಕೆ, ಒಂದು ಎಳೆತ. ಅದೇ ಕಟ್ಟು, ಅದೇ ಕೈ. ಹೀಗೆ ಕಟ್ಟಿದ ಮಾಲೆಯನ್ನು ಸಿಂಬಿಗೆ ಸುತ್ತಿ ಅಲ್ಲಲ್ಲಿ ದಾರದಿಂದ ಬಿಗಿದರೆ ರೀತ್ ಆಯಿತು. ಗೇಣಗಲದ ಸಿಂಬಿಗೆ ಒಂದು ಸುತ್ತಿಗೆ ಒಂದೂವರೆ ಮೊಳ ಬೇಕು. ಎರಡು ಸುತ್ತು ಹಾಕಿದರೆ ತುಂಬಿಕೊಳ್ಳುತ್ತದೆ. ನಡುನಡುವೆ ಮರುಗ ಸೇರಿಸಿದರೆ ಬಾಗಿಲು ತೆರೆದಾಗಲೆಲ್ಲ ಘಮ.

ಪೈನ್ ಕಾಯಿ ಹುಡುಕಿಕೊಂಡು ಅಂಗಡಿ ಸುತ್ತಬೇಡಿ. ಸರ್ವೆ ಮರದ ಕೆಳಗೇ ಗೋಲಿಯಷ್ಟು ದಪ್ಪದ ಕಾಯಿ ಬಿದ್ದಿರುತ್ತವೆ, ಪೈನ್ ಕಾಯಿಯ ಮರಿಗಳಂತೆ. ನಮ್ಮ ಕಡೆ ಹತ್ತಿ ಬಿಡಿಸಿದ ಮೇಲೆ ಗಿಡದಲ್ಲಿ ಉಳಿಯುವ ಒಣ ಸಿಪ್ಪೆ ಇನ್ನೂ ಚೆಂದ, ನಾಲ್ಕೈದು ಎಸಳು ಅರಳಿದ ಮರದ ಹೂವೇ ಸರಿ. ಎಸಳಿನ ತುದಿ ಚುಚ್ಚುತ್ತದೆ, ನೀವೇ ಮೊದಲು ಕತ್ತರಿಸಿ ಕೊಡಬೇಕು.

ಕೆಂಪಿಗೆಂದು ನಾನು ಒಣಮೆಣಸಿನಕಾಯಿ ಕಟ್ಟಿಸಿ ಬೈಸಿಕೊಂಡೆ. ಪೊರೆ ತೆಗೆಸಿದ ಕಣ್ಣನ್ನು ಚಿಕ್ಕಮ್ಮ ಅದೇ ಕೈಯಿಂದ ಉಜ್ಜಿಕೊಂಡರು. ಗುಲಗಂಜಿಯೂ ಬೇಡ. ಅದರ ಬೀಜ ಅಗಿದು ನುಂಗಿದರೆ ವಿಷ, ಮನೆಯಲ್ಲಿ ಮೊಮ್ಮಕ್ಕಳಿರುತ್ತಾರೆ. ಕೆಂಪು ಉಲ್ಲನ್ ಉಂಡೆಯೇ ವಾಸಿ.

ಇನ್ನು ಹೆಣದ ಮುಂದಿನ ಚಕ್ರ ಎಂದ ಅಜ್ಜಿ. ಅವರ ಮಾತು ತಪ್ಪಲ್ಲ, ಟಿವಿಯಲ್ಲಿ ಅವರು ಕಂಡಿರುವುದು ಅದನ್ನೇ. ಹಸಿರು ಕಟ್ಟಿ ಬಾಗಿಲಿಗೆ ಹಾಕಿದರೆ ಅದು ತೋರಣ, ದುಂಡಗಿರುವ ತೋರಣ ಎನ್ನಿ. ಚರ್ಚಿನಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಒಂದೊಂದು ಮೇಣದಬತ್ತಿ ಹಚ್ಚುವ ಆಗಮನ ಕಾಲದ ಚಕ್ರವನ್ನೂ ನೆನಪಿಸಿ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ವಿಚರ್ನ್ ಎಂಬ ಪಾದ್ರಿ, ಕ್ರಿಸ್‌ಮಸ್ ಯಾವಾಗ ಎಂದು ದಿನವೂ ಪೀಡಿಸುವ ಮಕ್ಕಳಿಗಾಗಿ ಹಳೆಯ ಗಾಡಿಯ ಚಕ್ರದ ಮೇಲೆ ಮೇಣದಬತ್ತಿಗಳನ್ನು ನಿಲ್ಲಿಸಿದ್ದರು. ನಮ್ಮ ಬೀದಿಯ ಒಕ್ಕಲುತನದ ಮುದುಕರೊಬ್ಬರು ಇದನ್ನು ಕೇಳಿ "ಎಷ್ಟು ಅರೆಕಾಲಿನ ಚಕ್ರ?" ಎಂದು ಚಕ್ರದ ಕಡ್ಡಿಗಳ ಲೆಕ್ಕ ಕೇಳಿದರು. ಹುಲ್ಲಿನ ಸಿಂಬಿಯ ಮೇಲೆ ಮಾತ್ರ ನಿಜವಾದ ಬತ್ತಿ ಹಚ್ಚಬೇಡಿ, ಬ್ಯಾಟರಿ ದೀಪ ಇಡಿ.

ಸಿರುಗುಪ್ಪದಿಂದ, ಹಿರಿಯರ ಆರೈಕೆಯ ಕೆಲಸದವಳು

ಬಿಳಿ ಮೇಜಿನ ಮೇಲೆ ಬಿಳಿ ದಾರ ಇಡಬೇಡಿ, ಕಪ್ಪು ಕಂಬಳಿ ಹಾಸಿ. ಬೆಳಕು ಕಿಟಕಿಯ ಪಕ್ಕದಿಂದ ಬರಲಿ. ಅರ್ಧ ಗಂಟೆಗೊಮ್ಮೆ ಚಹಾ ಕೊಡಿ, ಕೈಗಳಿಗೆ ಬಿಡುವು ಸಿಗುತ್ತದೆ. ಕೈ ನಡುಗುವವರಿಗೆ ಸಿಂಬಿಯ ಕೆಳಗೆ ಒದ್ದೆ ಟವೆಲ್ ಇಟ್ಟರೆ ಜಾರುವುದಿಲ್ಲ.

ಗಂಗಾವತಿಯಿಂದ

ಗಂಡಸರನ್ನು ಎಲ್ಲರೂ ಮರೆತಿರಿ. ನಮ್ಮ ಅಪ್ಪ "ಹೂ ಕಟ್ಟುವುದು ನನ್ನ ಕೆಲಸವಲ್ಲ" ಎಂದು ಮುಖ ತಿರುಗಿಸಿದ್ದರು. ಇಲ್ಲಿ ಹತ್ತಿರದ ಆನೆಗೊಂದಿಯಲ್ಲಿ ಹೆಂಗಸರು ಬಾಳೆ ನಾರಿನಿಂದ ಚೀಲ, ಬುಟ್ಟಿ ಮಾಡುತ್ತಾರೆ. ನಾನು ತೋಟದ ಬಾಳೆ ದಿಂಡಿನ ಒಣ ಪಟ್ಟೆಯನ್ನೇ ಸೀಳಿ, ನೆನೆಸಿ ಅಪ್ಪನ ಮುಂದೆ ಹಾಕಿ, "ಹಗ್ಗ ಹೊಸೆದು ಕೊಡಿ, ಅಷ್ಟೇ" ಎಂದೆ. ತೊಡೆಯ ಮೇಲೆ ಹೊಸೆಯಲು ಕುಳಿತವರು ಊಟಕ್ಕೂ ಏಳಲಿಲ್ಲ. ಆಮೇಲೆ ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಕಟ್ಟುವಂಥ ಗೊಂಡೆಯನ್ನು ತಾವಾಗಿಯೇ ಮಾಡಿ ಕೆಳಗೆ ಇಳಿಬಿಟ್ಟರು.

ಬಳ್ಳಾರಿಯಿಂದ, ಕೇಳಿದವಳು ಮತ್ತೆ

ಎಲ್ಲರ ಮಾತನ್ನೂ ಒಂದಿಷ್ಟೊಂದಿಷ್ಟು ಕದ್ದೆ. ಉಬ್ಬಸದ ಇಬ್ಬರಿಗೆ ಸೀರೆಯ ಜಡೆ, ಉಳಿದವರಿಗೆ ಹುಲ್ಲು, ಮೇಲೆ ಸರ್ವೆಯ ಮಾಲೆ. ಗುಳ್ಳೆ ಎದ್ದಿದ್ದ ಕಾಕಾ ಹಗ್ಗ ಹೊಸೆದರು. ತಲೆಗೆ ಬಿದ್ದ ಖರ್ಚು ಹದಿನೆಂಟು ರೂಪಾಯಿ, ಅದರಲ್ಲೂ ಹೆಚ್ಚಿನದು ಚಹಾಕ್ಕೆ. ಒಂದೂವರೆ ಗಂಟೆ ಮಾತ್ರ ಸಾಲಲಿಲ್ಲ. ಸಿಂಬಿ ಒಂದು ಶನಿವಾರ, ಮಾಲೆ ಮುಂದಿನ ಶನಿವಾರ ಎಂದು ಒಡೆದುಕೊಳ್ಳಬೇಕಾಯಿತು.

ಹೆಣದ ಮಾತು ಆಡಿದ ಅಜ್ಜಿ ತಮ್ಮ ಸಿಂಬಿ ಮುಗಿದ ಕೂಡಲೇ ಅದನ್ನು ತಲೆಯ ಮೇಲಿಟ್ಟುಕೊಂಡು, ಹಾಲ್‌ನ ಮೂಲೆಯಲ್ಲಿದ್ದ ನೀರಿನ ಕೊಡ ಎತ್ತಿಕೊಡು ಎಂದರು. ಎತ್ತಿಕೊಡಲಿಲ್ಲ, 84 ವರ್ಷ. ಅದಕ್ಕೆ ಮುನಿಸಿಕೊಂಡು ಸಿಂಬಿಯನ್ನು ಸೆರಗಿನಲ್ಲಿ ಸುತ್ತಿ ಮನೆಗೆ ಒಯ್ದಿದ್ದಾರೆ. ಮುಂದಿನ ಶನಿವಾರ ಮಾಲೆ ಸುತ್ತಲು ತರುತ್ತಾರೋ, ಗಡಿಗೆಯ ಕೆಳಗೇ ಇಟ್ಟುಬಿಡುತ್ತಾರೋ ನೋಡಬೇಕು.

ಗಂಗಾವತಿಯ ಅಣ್ಣಾ, ಗೊಂಡೆಗೆ ನಿಮ್ಮ ಅಪ್ಪ ಉಲ್ಲನ್ ಹಾಕಿದರೋ, ನೂಲು ಹಾಕಿದರೋ? ಕಾಕಾ ಕೇಳುತ್ತಿದ್ದಾರೆ.

ಗಂಗಾವತಿಯಿಂದ

ನೂಲು. ಉಲ್ಲನ್ ಎಂದರೆ ನಮ್ಮ ಅಪ್ಪ ಬೈಯುತ್ತಾರೆ.