ಬ್ಯಾರೆಲ್‌ಐ ಮೀನು: ಪೀಪಾಯಿಗಣ್ಣೋ, ಕೊಳವೆಗಣ್ಣೋ?

ಮಾನ್ಯರೇ,

ಮಕ್ಕಳಿಗಾಗಿ ಬರೆಯುತ್ತಿರುವ ಲೇಖನವೊಂದಕ್ಕೆ ಬ್ಯಾರೆಲ್‌ಐ ಎಂಬ ಮೀನಿನ ಕನ್ನಡ ಹೆಸರು ಬೇಕಾಗಿದೆ. ಇದರ ಶಾಸ್ತ್ರೀಯ ಹೆಸರು ಮ್ಯಾಕ್ರೊಪಿನ್ನಾ ಮೈಕ್ರೊಸ್ಟೋಮಾ. ದೊಡ್ಡ ಈಜುರೆಕ್ಕೆಯ, ಚಿಕ್ಕ ಬಾಯಿಯ ಮೀನೆಂದು ಅರ್ಥ. ಉತ್ತರ ಪೆಸಿಫಿಕ್ ಸಾಗರದಲ್ಲಿ, ಹೆಚ್ಚಾಗಿ 600ರಿಂದ 800 ಮೀಟರ್ ಆಳದ ಮಬ್ಬಿನಲ್ಲಿ ಇದರ ವಾಸ.

ನಾನು ನೋಡಿದ ಅನುವಾದವೊಂದರಲ್ಲಿ ‘ಪೀಪಾಯಿಗಣ್ಣಿನ ಮೀನು’ ಎಂದಿತ್ತು. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ, ‘ಬಟ್ಟಲುಗಣ್ಣು’ ಎಂಬ ಮಾದರಿ ನಮ್ಮಲ್ಲೇ ಇದೆ. ಆದರೆ ಬಟ್ಟಲುಗಣ್ಣು ಎಂದರೆ ಅಗಲವಾದ ಕಣ್ಣು. ಅದೇ ಜಾಡಿನಲ್ಲಿ ಪೀಪಾಯಿಗಣ್ಣು ಎಂದರೆ ಓದುವ ಮಗು ಟಾರಿನ ಪೀಪಾಯಿಯಷ್ಟು ದೊಡ್ಡ ಕಣ್ಣನ್ನೇ ಊಹಿಸಿಕೊಳ್ಳುತ್ತದೆ, ಮೀನು ನೋಡಿದರೆ ಗೇಣುದ್ದವೂ ಇಲ್ಲ, ಸುಮಾರು 15 ಸೆಂಟಿಮೀಟರ್. ಅದರ ಕಣ್ಣು ಉರುಟಾದ ಗುಡ್ಡೆಯಾಗಿರದೆ ಕೊಳವೆಯಂತಿದ್ದು, ತುದಿಯಲ್ಲಿ ಹಸಿರು ಗುಮ್ಮಟದಂಥ ಮಸೂರವಿದೆ. ದಿನಬೆಳಗಾದರೆ ಕೊಳವೆಬಾವಿಯ ಮಾತಾಡುವ ನಮಗೆ ‘ಕೊಳವೆಗಣ್ಣು’ ಸುಲಭವಾಗಿ ಒಗ್ಗೀತೆಂದು ನನ್ನ ಅನಿಸಿಕೆ.

ಈ ಕಣ್ಣುಗಳು ತಲೆಯ ಒಳಗಿವೆ ಎಂಬುದೇ ವಿಚಿತ್ರ. ತಲೆಯ ಮೇಲ್ಭಾಗವು ದ್ರವ ತುಂಬಿದ ಪಾರದರ್ಶಕ ಕವಚವಾಗಿದ್ದು, ಮೀನು ಅದರ ಮೂಲಕವೇ ಮೇಲಕ್ಕೆ ನೋಡುತ್ತದೆ. ಬಾಯಿಯ ಮೇಲೆ ಕಣ್ಣಿನಂತೆ ಕಾಣುವ ಎರಡು ಕಪ್ಪು ಚುಕ್ಕೆಗಳು ವಾಸನೆ ಹಿಡಿಯುವ ಅಂಗಗಳು. 1939ರಲ್ಲೇ ಈ ಪ್ರಭೇದದ ವಿವರಣೆ ಪ್ರಕಟವಾಗಿದ್ದರೂ, ಬಲೆಯಲ್ಲಿ ಮೇಲೆ ಬರುವಷ್ಟರಲ್ಲಿ ಕವಚ ಹರಿದುಹೋಗುತ್ತಿದ್ದುದರಿಂದ ಅದು ಇದೆಯೆಂಬುದೇ ಗಮನಕ್ಕೆ ಬಂದಿರಲಿಲ್ಲ.

‘ಮೇಲುಗಣ್ಣು ಮೀನು’ ಎನ್ನಬಹುದೆಂದು ಮಿತ್ರರೊಬ್ಬರು ಸೂಚಿಸಿದರು. ಮೂರ್ಛೆಯ ನೆನಪು ತರುವ ಪದ ಎನ್ನುವುದು ಒಂದು ಆಕ್ಷೇಪವಾದರೆ, ಸಂಗತಿಯೂ ಅದಕ್ಕೆ ಹೊಂದುವುದಿಲ್ಲ. ಕ್ಯಾಲಿಫೋರ್ನಿಯಾದ ಮಾಂಟೆರೇ ಬೇ ಅಕ್ವೇರಿಯಂ ಸಂಶೋಧನಾ ಸಂಸ್ಥೆಯ ಬ್ರೂಸ್ ರಾಬಿಸನ್ ಮತ್ತು ಕಿಮ್ ರೈಸೆನ್‌ಬಿಕ್ಲರ್, ಕಡಲಿಗಿಳಿಸಿದ ಯಂತ್ರದ ಕ್ಯಾಮೆರಾದಲ್ಲಿ ಈ ಮೀನನ್ನು ಕಂಡು, ಜೀವಂತವಾಗಿ ಸಿಕ್ಕ ಒಂದನ್ನು ಹಡಗಿನ ತೊಟ್ಟಿಯಲ್ಲಿ ಕೆಲವು ಗಂಟೆ ಇಟ್ಟು ಗಮನಿಸಿ, ಕಣ್ಣು ಮುಂದಕ್ಕೂ ಹೊರಳುತ್ತದೆಂದು 2008ರಲ್ಲಿ ಪ್ರಕಟಿಸಿದರು. ಬೇಟೆಯ ಹೊತ್ತಿಗೆ ಮೀನು ನೆಟ್ಟಗೆ ನಿಂತರೂ ಕಣ್ಣು ಬೇಟೆಯಿಂದ ಕದಲುವುದಿಲ್ಲ.

ಇನ್ನೊಂದು ತೊಡಕು ‘ಆಳಸಮುದ್ರ’ ಎಂಬ ಪದದ್ದು. ನಮ್ಮ ಕರಾವಳಿಯಲ್ಲಿ ಆಳಸಮುದ್ರ ಮೀನುಗಾರಿಕೆ ಎಂದರೆ ಮಲ್ಪೆಯಂಥ ಬಂದರಿನಿಂದ ದೊಡ್ಡ ಬೋಟುಗಳಲ್ಲಿ ಹಲವು ದಿನಗಳ ಮಟ್ಟಿಗೆ ಹೋಗಿಬರುವ ಕಸುಬು; ‘ಆಳಸಮುದ್ರದ ಮೀನು’ ಎಂದರೆ ಅಲ್ಲಿನ ಮಗುವಿಗೆ ನೆನಪಾಗುವುದು ಬಂಗುಡೆ, ಅಂಜಲ್. ‘ಕಡಲಾಳದ ಮೀನು’ ಎಂದರೆ ತಳದಲ್ಲಿ ಬಿದ್ದಿರುವ ಮೀನೆಂಬ ಭಾವ ಬರುತ್ತದೆ. ಇದಾದರೋ ತಳಕ್ಕೆ ತಾಗದೆ ನಡುನೀರಿನಲ್ಲಿ ರೆಕ್ಕೆ ಹರಡಿ ಅಲುಗಾಡದೆ ತೇಲುವಂಥದು. ‘ಮಬ್ಬುಗಡಲಿನ ಮೀನು’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಬಿಸಿಲು ಇಳಿಯದ ನೀರಿಗೆ ಕರಾವಳಿಯವರ ಬಳಕೆಯಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಬೇಕು.