ಅಪ್‌ಡೇಟ್: ಪ್ರಾಧ್ಯಾಪಕರ ವಿಕಿಪೀಡಿಯ ಪುಟ ಕೊನೆಗೂ ಸರಿಯಾಯಿತು

ಹಣಕಾಸು ಪ್ರಾಧ್ಯಾಪಕರೊಬ್ಬರ ಇಂಗ್ಲಿಷ್ ವಿಕಿಪೀಡಿಯ ಪುಟದಲ್ಲಿ ಹಳೆಯ ಹುದ್ದೆಯೇ ಉಳಿದಿದೆ, ಅವರ ಕಚೇರಿ ಸಹಾಯಕಿಯಾದ ನಾನು ಅದನ್ನು ತಿದ್ದಿಸುವುದು ಹೇಗೆ ಎಂದು ಕೇಳಿದ್ದೆ. ಕೆಲಸ ಆಯಿತು. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದಗಳು.

ಫಲ ಕೊಟ್ಟದ್ದು ಚರ್ಚಾಪುಟದಲ್ಲಿ (ಲೇಖನದ ಬಗ್ಗೆ ಸಂಪಾದಕರು ಮಾತಾಡಿಕೊಳ್ಳುವ, ಅದಕ್ಕೆ ಜೋಡಿಸಿದ ಪುಟ) ಕೋರಿಕೆ ಸಲ್ಲಿಸಿ ಎಂಬ ಸಲಹೆ. ಹಿತಾಸಕ್ತಿ ಸಂಘರ್ಷ ಇರುವವರಿಗೆಂದೇ, ಅಂದರೆ ನನ್ನಂತೆ ಲೇಖನದ ವ್ಯಕ್ತಿಯೊಂದಿಗೆ ನಂಟಿರುವವರಿಗೆಂದೇ, ಅಲ್ಲಿ ತಿದ್ದುಪಡಿ ಕೋರಿಕೆಯ ಟೆಂಪ್ಲೇಟ್ (ಸಿದ್ಧ ನಮೂನೆ) ಇದೆ. ಸಂಬಳ ಪಡೆದು ಈ ಕೆಲಸ ಮಾಡುತ್ತಿದ್ದೇನೆಂದು ಮೊದಲೇ ಘೋಷಿಸಿದೆ. ಅದು ಕಡ್ಡಾಯ ನಿಯಮ. “ಪುಟವನ್ನು ನವೀಕರಿಸಿ” ಎಂದಷ್ಟೇ ಬರೆದರೆ ಯಾರೂ ಕೈಹಾಕುವುದಿಲ್ಲ. ಈಗಿರುವ ವಾಕ್ಯ, ಅದರ ಜಾಗದಲ್ಲಿ ಬರಬೇಕಾದ ವಾಕ್ಯ, ಅದಕ್ಕೆ ಆಧಾರ, ಇಷ್ಟನ್ನೂ ಒಂದರ ಕೆಳಗೊಂದು ಇಟ್ಟೆ. ಹುದ್ದೆಯ ಬದಲಾವಣೆಗೆ ವಿಶ್ವವಿದ್ಯಾಲಯದ ಜಾಲತಾಣವೇ ಸಾಕಾಯಿತು. “ಷೇರು ಬೆಲೆಗಳ ಸಂಶೋಧನೆಯಲ್ಲಿ ಅಗ್ರಗಣ್ಯರು” ಎಂಬ ಸಾಲನ್ನು ಮಾತ್ರ ಸಂಪಾದಕರು ಒಪ್ಪಲಿಲ್ಲ. ಹೊಗಳಿಕೆಗೆ ಸ್ವತಂತ್ರ ಮೂಲ ಬೇಕಂತೆ, ನ್ಯಾಯವಾದ ಮಾತೇ.

ಸ್ವವಿವರವನ್ನು ವಿಕಿಪೀಡಿಯಕ್ಕೆ ಇಮೇಲ್ ಮಾಡಿ ಎಂಬ ಸಲಹೆ ಪ್ರಯೋಜನಕ್ಕೆ ಬರಲಿಲ್ಲ. ಚರ್ಚಾಪುಟಕ್ಕೇ ಹೋಗಿ ಎಂಬ ಉತ್ತರ ಬಂತು.

ಅಚ್ಚರಿ ಎನಿಸಿದ್ದು ಭಾವಚಿತ್ರದ ವಿಷಯ. ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಚಿತ್ರದಲ್ಲಿರುವವರದ್ದಲ್ಲ, ತೆಗೆದವರದ್ದು! ಪ್ರಾಧ್ಯಾಪಕರ ಅನುಮತಿ ಸಾಲದೆ, ಛಾಯಾಗ್ರಾಹಕರೇ ಮುಕ್ತ ಪರವಾನಗಿಗೆ (ಯಾರು ಬೇಕಾದರೂ ಬಳಸಬಹುದೆಂಬ ಅನುಮತಿ) ಒಪ್ಪಿ ಇಮೇಲ್ ಕಳುಹಿಸಿದ ಮೇಲೆ ಚಿತ್ರ, ವಿಕಿಪೀಡಿಯ ಬಳಸುವ ಚಿತ್ರಗಳ ಸಂಗ್ರಹತಾಣವಾದ ಕಾಮನ್ಸ್‌ನಲ್ಲಿ ಉಳಿಯಿತು.

ಕೋರಿಕೆಗಳ ಸರದಿ ಉದ್ದವಾಗಿರುತ್ತದೆ, ನೋಡುವವರು ಸ್ವಯಂಸೇವಕರು. ದೊಡ್ಡ ಪಟ್ಟಿಯನ್ನು ಒಮ್ಮೆಲೇ ಹೊರಿಸದೆ ಸಣ್ಣ ಸಣ್ಣ ಕೋರಿಕೆಗಳಾಗಿ ಒಡೆದು ಹಾಕಿ.